ಕೆಂಪು ಮೊದಲು, ಬಿಳಿ ಆಮೇಲೆ

14 ಜೂನ್ 2025, ಶನಿವಾರ
ಫಾಕ್ಸ್‌ಟನ್, ಲೆಸ್ಟರ್‌ಶೈರ್

ಇಂಗ್ಲೆಂಡಿನ ಕಾಲುವೆಯೊಂದರಲ್ಲಿ, ಬಾಡಿಗೆ ದೋಣಿಯಲ್ಲಿ ಇದು ನಮ್ಮ ಎರಡನೆಯ ದಿನ. 57 ಅಡಿ ಉದ್ದವಿದ್ದರೂ 6 ಅಡಿ 10 ಅಂಗುಲವಷ್ಟೇ ಅಗಲವಿರುವ ಈ ನ್ಯಾರೋಬೋಟ್‌ನಲ್ಲಿ ಅಡುಗೆಮನೆ, ಬಚ್ಚಲು, ಹಾಸಿಗೆಗಳೆಲ್ಲ ರೈಲಿನ ಬೋಗಿಯಲ್ಲಿದ್ದಂತೆ ಒಂದರ ಹಿಂದೊಂದು ಇವೆ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆಂಬುದನ್ನು ನನ್ನ ತಲೆ ಒಪ್ಪಿತ್ತಾದರೂ ಕೈ ಇನ್ನೂ ಒಪ್ಪಿರಲಿಲ್ಲ. ಹಾಗಾಗಿ ನಿನ್ನೆ ಒಂದು ತಿರುವಿನಲ್ಲಿ ಗಾಬರಿಬಿದ್ದು ಮೂತಿಯನ್ನು ನೇರವಾಗಿ ಜೊಂಡಿನೊಳಗೆ ಹುಗಿಸಿದ್ದೆ. ಉದ್ದನೆಯ ಗಳದಿಂದ ದಡವನ್ನು ಒತ್ತಿ ಹೊರಬರುವಷ್ಟರಲ್ಲಿ ಮಾಡಿಟ್ಟಿದ್ದ ಕಾಫಿ ಆರಿಹೋಗಿತ್ತು.

ಈ ಬೆಳಿಗ್ಗೆ ಹಸ್ಬೆಂಡ್ಸ್ ಬಾಸ್ವರ್ತ್ ಸುರಂಗವನ್ನು ದಾಟಿದೆವು. ಒಂದು ಕಿಲೋಮೀಟರಿಗೆ ತುಸು ಹೆಚ್ಚೇ ಉದ್ದದ ಆ ಕತ್ತಲಲ್ಲಿ ಇಟ್ಟಿಗೆಯ ಕಮಾನಿನಿಂದ ಕುತ್ತಿಗೆಯ ಮೇಲೆ ತಣ್ಣಗೆ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಬಂದ ದೋಣಿಯೊಂದು ಗೇಣಿನಷ್ಟು ಅಂತರ ಬಿಟ್ಟು ಸರಿದುಹೋದಾಗ ಮಾತ್ರ ಎಲ್ಲರೂ ಮಾತು ನಿಲ್ಲಿಸಿದೆವು.

ಮಧ್ಯಾಹ್ನ ಫಾಕ್ಸ್‌ಟನ್ನಿನ ಗುಡ್ಡದ ನೆತ್ತಿಗೆ ಬಂದು ಸರದಿಯಲ್ಲಿ ನಿಂತೆವು. 1814ರಲ್ಲಿ ಸಂಚಾರಕ್ಕೆ ತೆರೆದ ಇಲ್ಲಿನ ಹತ್ತು ಲಾಕ್‌ಗಳು (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರಿಳಿಸುವ, ಬಾಗಿಲುಗಳಿರುವ ತೊಟ್ಟಿಗಳು) ತಲಾ ಐದರಂತೆ ಎರಡು ಮೆಟ್ಟಿಲುಸಾಲುಗಳಾಗಿದ್ದು, ದೋಣಿಯನ್ನು 75 ಅಡಿ ಕೆಳಕ್ಕಿಳಿಸುತ್ತವೆ. ಒಂದು ಸಾಲಿನೊಳಗೆ ಮೇಲಿನ ತೊಟ್ಟಿಯ ಕೆಳಬಾಗಿಲೇ ಮುಂದಿನ ತೊಟ್ಟಿಯ ಮೇಲ್ಬಾಗಿಲಾದ್ದರಿಂದ ನಡುವೆ ತಂಗಲು ಜಾಗವಿಲ್ಲ; ಎದುರು ದೋಣಿಗಳು ದಾಟಿಕೊಳ್ಳುವುದು ಎರಡು ಸಾಲುಗಳ ಮಧ್ಯದಲ್ಲಿ ಮಾತ್ರ. ಯಾರು ಯಾವಾಗ ಇಳಿಯಬೇಕೆಂದು ನಿರ್ಧರಿಸುವವರು ಲಾಕ್ ನೋಡಿಕೊಳ್ಳುವ ಸ್ವಯಂಸೇವಕರು. ಅವರಲ್ಲೊಬ್ಬ ವೃದ್ಧರು, ಜೀವರಕ್ಷಕ ಜಾಕೆಟ್ ತೊಟ್ಟು, ಪುಸ್ತಕದಲ್ಲಿ ನಮ್ಮ ದೋಣಿಯ ಹೆಸರು ಬರೆದುಕೊಂಡು, ಕಾಯಿರಿ ಎಂದು ಕೈಸನ್ನೆ ಮಾಡಿದಾಗ ನನಗೆ ನಮ್ಮೂರ ಕೆರೆಯ ನೀರುಗಂಟಿ ನೆನಪಾದರು. ತೂಬು ಎತ್ತುವ ವಿಷಯದಲ್ಲಿ ಅವರ ಮಾತನ್ನೂ ಯಾರೂ ಮೀರುತ್ತಿರಲಿಲ್ಲ.

ಇಲ್ಲಿಯೂ ಇರುವುದು ತೂಬುಗಳೇ. ಪ್ರತಿ ಹಂತದಲ್ಲಿ ಒಂದು ಕೆಂಪು, ಒಂದು ಬಿಳಿ. ಕೆಂಪನ್ನು ಎತ್ತಿದರೆ ಪಕ್ಕದ ಕೊಳದ ನೀರು ನಾವು ಇಳಿಯಬೇಕಾದ ತೊಟ್ಟಿಯನ್ನು ತುಂಬುತ್ತದೆ. ಆಮೇಲೆ ಬಿಳಿಯನ್ನು ಎತ್ತಿದರೆ ನಾವು ನಿಂತಿರುವ ತೊಟ್ಟಿಯ ನೀರು ಅದೇ ಕೊಳಕ್ಕೆ ಇಳಿಯುತ್ತದೆ. ಕ್ರಮ ತಪ್ಪಿ ಬಿಳಿಯನ್ನೇ ಮೊದಲು ಎತ್ತಿದರೆ ತುಂಬಿದ ಕೊಳಕ್ಕೆ ಮತ್ತೆ ನೀರು ಸುರಿದು ಉಕ್ಕಿಹರಿಯುತ್ತದೆ. ಮಗಳು ಎಲ್ ಆಕಾರದ ಕಬ್ಬಿಣದ ಹಿಡಿಯನ್ನು ಸಿಕ್ಕಿಸಿ ಎರಡು ಕೈಯಿಂದ ತಿರುಗಿಸಿದಂತೆ ಹಲ್ಲಿನ ಪಟ್ಟಿ ಕಟಕಟನೆ ಮೇಲೇರಿತು, ಅವಳ ಕಾಲಡಿಯ ನೆಲದೊಳಗೆಲ್ಲೋ ನೀರು ಗುಡುಗಿತು. ನಾನು ಚುಕ್ಕಾಣಿಯಲ್ಲಿದ್ದು, ಗೋಡೆಯ ಮೇಲಿನ ಬಿಳಿ ಗೆರೆಯಿಂದ ದೋಣಿಯ ಹಿಂಭಾಗ ಮುಂದೆಯೇ ಇರುವಂತೆ ನೋಡಿಕೊಂಡೆ. ಆ ಗೆರೆಯ ಹಿಂದೆ, ನೀರಿನಡಿಯಲ್ಲಿ, ಬಾಗಿಲ ಹೊಸ್ತಿಲ ಕಟ್ಟೆಯಿದೆ; ನೀರಿಳಿಯುವಾಗ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಮಾತ್ರ ಕೆಳಗಿಳಿದು ದೋಣಿಯೇ ಮುಳುಗಬಹುದು. ಅಕ್ಕಪಕ್ಕ ಅಂಗುಲಗಳಷ್ಟೇ ಸಂದು, ಪಾಚಿಗಟ್ಟಿದ ಇಟ್ಟಿಗೆಗಳು ನಿಧಾನವಾಗಿ ಮೇಲೇರುತ್ತಿದ್ದವು.

ಪಕ್ಕದ ಇಳಿಜಾರಿನಲ್ಲಿ, ದೋಣಿಗಳನ್ನು ನೀರಿನ ತೊಟ್ಟಿಗಳ ಸಮೇತ ಹಳಿಗಳ ಮೇಲೆ ಎಳೆಯಲು 1900ರಲ್ಲಿ ಕಟ್ಟಿದ್ದ ಉಗಿಯಂತ್ರದ ವ್ಯವಸ್ಥೆಯ ಗುರುತುಗಳಿವೆ. ಹೆಚ್ಚು ದೋಣಿಗಳು ಬರಲಿಲ್ಲ, ಬಾಯ್ಲರನ್ನು ಸುಮ್ಮನೆ ಉರಿಸುವ ಖರ್ಚು ಗಿಟ್ಟಲಿಲ್ಲ. 1928ರಲ್ಲಿ ಎಲ್ಲವನ್ನೂ ಗುಜರಿಗೆ ಮಾರಿದರು. ಹಳೆಯ ಮೆಟ್ಟಿಲುಗಳೇ ಉಳಿದುಕೊಂಡವು.

ಕೆಳಗಿಳಿಯಲು ಸುಮಾರು ಒಂದು ಗಂಟೆ ಹಿಡಿಯಿತು. ದಂಡೆಗೆ ಹಗ್ಗ ಬಿಗಿದು ಅನ್ನಕ್ಕೆ ಇಟ್ಟಿದ್ದಾಗ ನನ್ನವಳು ಒಳಗಿನಿಂದಲೇ, "ರೀ, ನಾಳೆ ವಾಪಸ್ ಹತ್ತುವಾಗ ಬಿಳಿ ಮೊದಲಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಇಲ್ಲಮ್ಮ, ಹತ್ತುವಾಗಲೂ ಕೆಂಪೇ. ನಾನು ಆ ತಾತನ್ನ ಕೇಳಿದೆ."