ಬಾಣಂತಿಯ ಊಟ ನೋಡಿದರು, ಮಗುವಿನ ಬಾಯಿ ನೋಡಲಿಲ್ಲ

ನನ್ನ ಮಗಳು ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ ಪುನರ್ವಸು ಮಳೆ ಬಿಡದೆ ಸುರಿಯುತ್ತಿದ್ದ ದಿನಗಳಲ್ಲಿ. ಹೆರಿಗೆ ಸಲೀಸಾಗಿ ಆಯಿತು. ಹುಟ್ಟಿದ ಒಂದು ಗಂಟೆಯೊಳಗೇ ಮಗುವಿಗೆ ಮೊಲೆಯೂಡಿಸಿದರು. ಹಳದಿ ಬಣ್ಣದ ಮಂದವಾದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಹಳೆಯ ಪದ್ಧತಿಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹಾಗಾಗಿ ತವರಿಗೆ ಬಂದಾಗ ಕಷ್ಟವೆಲ್ಲ ಕಳೆಯಿತೆಂದೇ ಎಲ್ಲರೂ ಭಾವಿಸಿದ್ದರು.

ಆದರೆ ಮಗು ಬಾಯಿ ಹಾಕಿದೊಡನೆ ತೊಟ್ಟಿನಿಂದ ಹೆಗಲಿನವರೆಗೂ ಎಳೆದು ಚುಚ್ಚುವಂಥ ನೋವು ಶುರುವಾಯಿತು. ಮಗು ಮೊಲೆ ಬಿಟ್ಟಾಗ ತೊಟ್ಟು ಒಂದು ಬದಿಗೆ ಚಪ್ಪಟೆಯಾಗಿ, ತುದಿಯ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ ಮೂಡಿರುತ್ತಿತ್ತು. ಆ ಗೆರೆಯಿದ್ದಲ್ಲೇ ಚರ್ಮ ಒಡೆದು ರಕ್ತ ಜಿನುಗತೊಡಗಿತು. ಅದರ ಮೇಲೆ ನಮ್ಮ ಮಳೆಗಾಲ ಬೇರೆ. ಒಣಗಿಯೂ ಒಣಗದ ಹತ್ತಿಬಟ್ಟೆ ಗಾಯಕ್ಕೆ ಅಂಟಿಕೊಂಡು, ಬಿಡಿಸುವಾಗ ಕಟ್ಟಿದ ಹೊಪ್ಪಳೆಯನ್ನೂ ಕಿತ್ತುಕೊಂಡೇ ಬರುತ್ತಿತ್ತು. ಅಮ್ಮ ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಮಗುವಿನ ಬಟ್ಟೆಗಳ ಜೊತೆ ನನ್ನ ರವಿಕೆಗಳನ್ನೂ ಅದರ ಮೇಲೆ ಹರಡಿ, ಗರಿಗರಿಯಾಗುವ ತನಕ ತಿರುವಿ ಹಾಕುತ್ತಿದ್ದಳು. ಆ ಉಪಕಾರವನ್ನು ನಾನು ಮರೆಯಲಾರೆ.

ಮನೆಯವರ ಕಾಳಜಿಗೆ ಕೊರತೆಯೇ ಇರಲಿಲ್ಲ. ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಕೊಬ್ಬರಿ ಹಾಕಿದ ಅಂಟಿನುಂಡೆ, ಎಲ್ಲವೂ ಹೊತ್ತುಹೊತ್ತಿಗೆ ಎದುರಿಗೆ ಬರುತ್ತಿದ್ದವು. ನೋವಿನ ಮಾತೆತ್ತಿದರೆ ಮಾತ್ರ, ನೋಡಲು ಬಂದ ಹಿರಿಯರೆಲ್ಲರದೂ ಒಂದೇ ಉತ್ತರ: “ಚೊಚ್ಚಲಲ್ವಾ, ತೊಟ್ಟು ಗಟ್ಟಿಯಾಗೋ ತನಕ ತಡ್ಕೋಬೇಕು.” ಮಗು ಅತ್ತಾಗಲೆಲ್ಲ ಹಾಲು ಸಾಲುತ್ತಿಲ್ಲವೆಂಬ ಅನುಮಾನ ಹುಟ್ಟುತ್ತಿತ್ತು, ಅದರ ಬೆನ್ನಿಗೇ ಡಬ್ಬಿ ಹಾಲಿನ ಸಲಹೆ ಬರುತ್ತಿತ್ತು. ಅಂಥ ಹಾಲಿನ ಜಾಹೀರಾತನ್ನು ನಮ್ಮ ದೇಶ 1992ರ ಕಾಯಿದೆಯಿಂದಲೇ ನಿಷೇಧಿಸಿದೆಯಾದರೂ, ನೋವಿನಿಂದ ಕಂಗೆಟ್ಟ ತಾಯಿಗೆ ಜಾಹೀರಾತು ಬೇಕಾಗುವುದಿಲ್ಲ, ಒಂದು ಮಾತು ಸಾಕು. ನನ್ನ ಊಟವನ್ನು ಇಷ್ಟು ಜನ ನೋಡಿಕೊಂಡರೂ, ಮಗುವಿನ ಬಾಯಿ ನನ್ನ ಎದೆಯ ಮೇಲೆ ಹೇಗೆ ಕೂತಿದೆಯೆಂದು ಯಾರೂ ನೋಡಲಿಲ್ಲ ಎಂಬುದು ಈಗ ಯೋಚಿಸಿದರೆ ಬೇಸರ ತರಿಸುತ್ತದೆ.

ಅಷ್ಟರಲ್ಲಿ ಹಾಲಿಳಿದು ಎದೆ ಕಟ್ಟಿಕೊಂಡಿತು. ಎರಡೂ ಬದಿ ಕಲ್ಲಿನಂತಾಗಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಿಗಿದು, ಮಗುವಿನ ಬಾಯಿಗೆ ಹಿಡಿತವೇ ಸಿಗದಂತಾಯಿತು. ಅದು ಹಸಿದು ಅಳುವುದು, ನಾನು ನೋವಿಗೆ ಅಳುವುದು, ಹೀಗೆಯೇ ಆ ರಾತ್ರಿ ಕಳೆಯಿತು.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ತಾಯಿ-ಮಗುವನ್ನು ನೋಡಬೇಕೆಂಬ ಕ್ರಮವಿದೆ. ನಮ್ಮೂರಿನ ಆಶಾ ಅಕ್ಕ ಮರುದಿನ ಬೆಳಿಗ್ಗೆ ಆ ಮಳೆಯಲ್ಲೇ ಬಂದರು. ಕೊಡೆಯನ್ನು ಜಗುಲಿಯಲ್ಲಿಟ್ಟು, ಸೋಪು ಹಾಕಿ ಕೈ ತೊಳೆದು, ಮಗುವಿನ ತೂಕ ನೋಡಿದ ಮೇಲೆ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು “ಈಗ ಹಾಲು ಕುಡಿಸು, ನೋಡೋಣ” ಎಂದರು. ನೋವಿನ ಕಾರಣವನ್ನು ಕಣ್ಣಿಟ್ಟು ಹುಡುಕಿದ ಮೊದಲ ಮನುಷ್ಯರು ಅವರು.

ಮಗು ಬೆನ್ನಡಿಯಾಗಿ ಮಲಗಿ ಕತ್ತನ್ನಷ್ಟೇ ಹೊರಳಿಸಿ ಕುಡಿಯುತ್ತಿದ್ದುದನ್ನೂ, ಬರೀ ತೊಟ್ಟನ್ನು ಬಾಯಿಯ ಮುಂಭಾಗದಲ್ಲಿ ಕಚ್ಚಿ ಒತ್ತುತ್ತಿದ್ದುದನ್ನೂ ಅವರು ತೋರಿಸಿಕೊಟ್ಟರು. ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇರಿಸಿ, ಕಪ್ಪು ಭಾಗ ಮೆದುವಾಗುವಷ್ಟು ಹಾಲನ್ನು ಕೈಯಿಂದಲೇ ಹಿಂಡಿ ತೆಗೆಸಿದರು. ಆಮೇಲೆ ನನ್ನ ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆಯೂ ಅದರ ಕಿವಿ, ಹೆಗಲು, ಸೊಂಟ ಒಂದೇ ನೇರಕ್ಕೆ ಬರುವಂತೆಯೂ ಹಿಡಿಸಿದರು. “ಎದೆನ ಮಗು ಹತ್ರ ಬಗ್ಗಿಸ್ಬೇಡ ತಂಗಿ, ಮಗುನೇ ಎದೆ ಹತ್ರ ತಗೊಂಡ್ ಬಾ. ಅದು ಬಾಯಿ ದೊಡ್ಡಕ್ಕೆ ತೆಗೆಯೋ ತನಕ ಕಾಯಿ.” ತೊಟ್ಟನ್ನು ಅದರ ಮೇಲ್ತುಟಿಗೆ ಸವರಿ ಕಾದಾಗ ಬಾಯಿ ಅಗಲವಾಗಿ ತೆರೆಯಿತು, ಅದೇ ಕ್ಷಣದಲ್ಲಿ ಗದ್ದ ಮೊದಲು ತಾಗುವಂತೆ ಅವರು ಮಗುವನ್ನು ಒತ್ತಾಗಿ ತಂದರು. ಕೆಳತುಟಿ ಹೊರಕ್ಕೆ ಮಡಚಿಕೊಂಡಿತ್ತು. ಕಪ್ಪು ಭಾಗ ತುಟಿಯ ಮೇಲುಗಡೆ ಹೆಚ್ಚಾಗಿಯೂ ಕೆಳಗಡೆ ಕಡಿಮೆಯಾಗಿಯೂ ಕಾಣುತ್ತಿತ್ತು. ಮೊದಲ ಚೀಪುಗಳಲ್ಲಿ ಗಾಯ ಉರಿಯಿತು, ಆಮೇಲೆ ಉರಿ ತಗ್ಗಿತು. ದವಡೆಯ ಓಟ ನಿಧಾನವಾಗಿ, ಗುಟುಕು ನುಂಗುವ ಸದ್ದು ನನ್ನ ಕಿವಿಗೇ ಬಿತ್ತು.

ನೋವು ಮುಂದುವರಿದರೆ ಮಗುವನ್ನು ಹಾಗೇ ಎಳೆಯದೆ, ಶುಚಿಯಾದ ಕಿರುಬೆರಳನ್ನು ಅದರ ಬಾಯಿಯ ಮೂಲೆಯಲ್ಲಿ ತೂರಿಸಿ ಹಿಡಿತ ಬಿಡಿಸಿ ಮತ್ತೆ ಕುಡಿಸಬೇಕೆಂದೂ, ಕುಡಿಸಿದ ಮೇಲೆ ಒಂದೆರಡು ಹನಿ ಎದೆಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಒಣಗಲು ಬಿಡಬೇಕೆಂದೂ, ಅಲ್ಲಿಗೆ ಸೋಪು ಹಚ್ಚಬಾರದೆಂದೂ ಹೇಳಿದರು. ಕುಡಿಸಿದ ನಂತರ ಊತ ಇಳಿಯಲು ತಣ್ಣನೆಯ ಬಟ್ಟೆ ಇಡಬೇಕೆಂದಾಗ ಮಾತ್ರ ಅಮ್ಮ ಒಪ್ಪಲಿಲ್ಲ. ಬಾಣಂತಿಗೆ ಶೀತವಾಗುತ್ತದೆಂಬ ಅವಳ ಭಯ ಸಣ್ಣದಲ್ಲ. ಕೊನೆಗೆ, ಮೈಗೆಲ್ಲ ಕಂಬಳಿ ಹೊದಿಸಿ ಎದೆಗಷ್ಟೇ ಬಟ್ಟೆ ಹಾಕುವುದೆಂದು ಇಬ್ಬರೂ ಒಪ್ಪಿಕೊಂಡರು. ಸ್ನಾನದ ಹೊತ್ತಿನಲ್ಲಿ ಎಣ್ಣೆ ಹಚ್ಚಿ ಎದೆಯ ಗಂಟನ್ನು ಬಲವಾಗಿ ತಿಕ್ಕುವ ರೂಢಿಯನ್ನೂ ಅಕ್ಕ ಅಂದೇ ನಿಲ್ಲಿಸಿದರು, ಅದರಿಂದ ಊತ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಗಾಯ ತಕ್ಷಣ ಮಾಯಲಿಲ್ಲ. ಎಡಬದಿ ಬೇಗ ವಾಸಿಯಾಯಿತು, ಬಲಬದಿ ಬಹಳ ದಿನ ಸತಾಯಿಸಿತು. ಆದರೆ ಮಗು ದಿನಕ್ಕೆ ಆರು ಸಲಕ್ಕೂ ಹೆಚ್ಚು ಉಚ್ಚೆ ಹೊಯ್ಯುತ್ತಿತ್ತು, ಮಲ ಹಳದಿಗೆ ತಿರುಗಿತ್ತು, ಮೊದಲ ದಿನಗಳಲ್ಲಿ ಇಳಿದಿದ್ದ ತೂಕ 14ನೆಯ ದಿನದ ಭೇಟಿಯ ಹೊತ್ತಿಗೆ ಮರಳಿ ಬಂದಿತ್ತು. ಹಾಲು ಸಾಲದೆಂಬ ಮಾತು ಅಲ್ಲಿಗೆ ನಿಂತಿತು.

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ. 1992ರಿಂದ ಜಗತ್ತಿನೆಲ್ಲೆಡೆ ಆಚರಿಸುತ್ತ ಬಂದ ವಾರ ಅದು. ತಾಯಿಹಾಲು ಅಮೃತ, ಆರು ತಿಂಗಳು ಬೇರೇನೂ ಕೊಡಬೇಡಿ ಎಂಬ ಮಾತುಗಳು ಆಗ ಎಲ್ಲೆಡೆ ಕೇಳಿಬರುತ್ತವೆ, ಅವೆಲ್ಲವೂ ನಿಜವೇ. ಆದರೆ ಆ ಆರು ತಿಂಗಳಿನ ಮೊದಲ ವಾರವನ್ನು ದಾಟುವುದು ಹೇಗೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕೆಂದು ನನಗನ್ನಿಸುತ್ತದೆ. ಎದೆಯ ಒಂದು ಭಾಗ ಕೆಂಪಾಗಿ ಚಳಿಜ್ವರ ಬಂದರೆ, ಮಗುವಿನ ನಾಲಿಗೆ ಚಾಚಲಾಗದಂತೆ ಕೆಳಗೆ ಕಟ್ಟಿಕೊಂಡಿದ್ದರೆ, ಒರೆಸಿದರೂ ಹೋಗದ ಬಿಳಿ ಮಚ್ಚೆಗಳು ಬಾಯಲ್ಲಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಎದೆಬಾವಿನ ಜ್ವರ ಬಂದಿತೆಂದು ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಉಳಿದ ನೋವಿಗೆ, ಮನೆಗೆ ಬಂದ ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ತೂಕ ನೋಡಿದ ಕೂಡಲೇ ಕಳಿಸಿಕೊಡದೆ, ಮಗು ಒಮ್ಮೆ ಪೂರ್ತಿ ಹಾಲು ಕುಡಿದು ಮುಗಿಸುವವರೆಗೆ ಪಕ್ಕದಲ್ಲಿ ಕೂತು ನೋಡಿ ಹೋಗುವಂತೆ ಕೇಳಿಕೊಳ್ಳಿ.