ಎಂಬತ್ತು ಪದಗಳ ಬಾಕ್ಸಿನಲ್ಲಿ ಕಳೆದುಹೋದ ಒಂದು ಪದಕ

ಕನ್ನಡ ದಿನಪತ್ರಿಕೆಯೊಂದರ ಕ್ರೀಡಾ ವಿಭಾಗಕ್ಕೆ ನಾನು ಉಪಸಂಪಾದಕನಾಗಿ ಸೇರಿ ಎರಡನೆಯ ವರ್ಷ ನಡೆಯುತ್ತಿದ್ದಾಗ, 2006ರ ಫೆಬ್ರುವರಿಯಲ್ಲಿ, ಇಟಲಿಯ ಟುರಿನ್ ನಗರದಲ್ಲಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾಯಿತು. ಅಲ್ಲಿ ರಾತ್ರಿ ಎಂಟಕ್ಕೆ ಉದ್ಘಾಟನೆಯಾದರೆ ನಮಗೆ ಹನ್ನೆರಡೂವರೆ. ಜ್ಯೋತಿ ಬೆಳಗುವ ಹೊತ್ತಿಗೆ ನಮ್ಮ ನಗರ ಆವೃತ್ತಿಯ ಪುಟಗಳೂ ಮುದ್ರಣಕ್ಕೆ ಹೋಗಿಯಾಗಿರುತ್ತದೆ. ಹೀಗಾಗಿ ಮರುದಿನ ಸಂಜೆ, ಜ್ಯೋತಿ ಬೆಳಗಿದವರ ಚಿತ್ರದ ಪಕ್ಕಕ್ಕೆ ಎಂಬತ್ತು ಪದಗಳ ಬಾಕ್ಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಆ ರಾತ್ರಿ ಕೊನೆಯ ಹಂತದಲ್ಲಿ ಜ್ಯೋತಿಯು ಇಟಲಿಯ ಸ್ಕೀ ತಾರೆ ಆಲ್ಬರ್ಟೊ ಟೊಂಬಾ ಅವರಿಂದ, 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ನಾರ್ವೆಯನ್ನು ಅದರದೇ ನೆಲದಲ್ಲಿ 0.4 ಸೆಕೆಂಡಿನಿಂದ ಸೋಲಿಸಿದ್ದ ಇಟಲಿಯ ಕ್ರಾಸ್‌ಕಂಟ್ರಿ ಸ್ಕೀಯಿಂಗ್ (ಹಿಮದ ಮೇಲಿನ ದೂರದ ಓಟ) ರಿಲೇ ತಂಡದವರ ಕೈಗೆ ಬಂದಿತ್ತು. ಆ ನಾಲ್ವರಲ್ಲಿ ಒಬ್ಬರಾದ ಮೌರಿಲಿಯೊ ದೆ ಜೋಲ್ಟ್ ಅವರಿಗೆ ಆ ಚಿನ್ನ ಗೆದ್ದಾಗ 43 ವರ್ಷ. ವೃತ್ತಿಯಿಂದ ಅಗ್ನಿಶಾಮಕ ಸಿಬ್ಬಂದಿ. ನನ್ನನ್ನು ಕೇಳಿದ್ದರೆ ಬಾಕ್ಸನ್ನು ಅವರ ಮೇಲೆಯೇ ಬರೆಯುತ್ತಿದ್ದೆ. ಆದರೆ ಕೊನೆಗೆ ಜ್ಯೋತಿ ಬೆಳಗಿದವರು ಸ್ಟೆಫಾನಿಯಾ ಬೆಲ್ಮೊಂಡೊ, ಚಿತ್ರವೂ ಅವರದೇ.

ಬೆಲ್ಮೊಂಡೊ ಹುಟ್ಟಿದ್ದು 1969ರಲ್ಲಿ, ಪೀಡ್ಮಾಂಟ್ ಪ್ರಾಂತ್ಯದ ಕುನೆಯೊ ಸೀಮೆಯ ವಿನಾದಿಯೊ ಎಂಬ ಬೆಟ್ಟದ ಊರಿನಲ್ಲಿ. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಅವರು 1988ರ ಕ್ಯಾಲ್ಗರಿಯಿಂದ 2002ರ ಸಾಲ್ಟ್‌ಲೇಕ್ ಸಿಟಿಯವರೆಗೆ ಐದು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 1992ರ ಆಲ್ಬರ್ಟ್‌ವಿಲ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿಗೆ 30 ಕಿ.ಮೀ. ಸ್ಪರ್ಧೆ ಏರ್ಪಟ್ಟಾಗ ಅದರ ಚಿನ್ನ ಅವರಿಗೆ ಬಂತು. ಮರುವರ್ಷ ಸ್ವೀಡನ್ನಿನ ಫಾಲುನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಎರಡು ಚಿನ್ನ ಗೆದ್ದರು. ಅದರ ಬೆನ್ನಿಗೇ ಕಾಲಿನ ಹೆಬ್ಬೆರಳಿಗೆ ಶಸ್ತ್ರಚಿಕಿತ್ಸೆಯಾಯಿತು. ಈ ಕ್ರೀಡೆಯಲ್ಲಿ ಬೂಟು ಸ್ಕೀ ಹಲಗೆಗೆ ಕಚ್ಚಿಕೊಳ್ಳುವುದು ಬೆರಳ ತುದಿಯಲ್ಲಿ ಮಾತ್ರ. ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ, ಒತ್ತಡವೆಲ್ಲ ಹೆಬ್ಬೆರಳಿನ ಬುಡದ ಮೇಲೆ ಬೀಳುತ್ತದೆ. ಹಾಗಾಗಿ ಅದು ಸಣ್ಣ ಗಾಯವಾಗಿರಲಿಲ್ಲ. 1994ರಲ್ಲಿ ಅವರಿಗೆ ದಕ್ಕಿದ್ದು ಎರಡು ಕಂಚು, ಅದೇ ಕೂಟದಲ್ಲಿ ಸಹ ಆಟಗಾರ್ತಿ ಮನುವೇಲಾ ದಿ ಚೆಂಟಾ ಐದು ಪದಕ ಗೆದ್ದರು. 1998ರ ನಗಾನೊದಲ್ಲಿ ಒಂದು ಬೆಳ್ಳಿ, ಒಂದು ಕಂಚು.

ಎರಡನೆಯ ಒಲಿಂಪಿಕ್ ಚಿನ್ನಕ್ಕೆ ಹತ್ತು ವರ್ಷ ಕಾಯಬೇಕಾಯಿತು. 2002ರ ಫೆಬ್ರುವರಿ 9ರಂದು ಸಾಲ್ಟ್‌ಲೇಕ್ ಸಿಟಿ ಕೂಟದ ಸ್ಕೀ ತಾಣವಾದ ಸೋಲ್ಜರ್ ಹಾಲೊದಲ್ಲಿ ನಡೆದ 15 ಕಿ.ಮೀ. ಸ್ಪರ್ಧೆ ಆ ಕೂಟದ ಮೊದಲ ಚಿನ್ನದ ಸ್ಪರ್ಧೆ. ಓಟದ ನಡುವೆ ಬೆಲ್ಮೊಂಡೊ ಹಿಮಕ್ಕೆ ಊರಿ ಮುನ್ನುಗ್ಗುತ್ತಿದ್ದ ಎರಡು ಕೋಲುಗಳಲ್ಲಿ ಒಂದು ಮುರಿಯಿತು. ಬೇರೆ ಕೋಲು ಕೈಗೆ ಬರುವಷ್ಟರಲ್ಲಿ ಮುಂದಿನ ಗುಂಪು ಕೈತಪ್ಪಿ ಹೋಗಿತ್ತು. ಅದನ್ನು ಮತ್ತೆ ಹಿಡಿದು, ರಷ್ಯಾದ ಲಾರಿಸಾ ಲಜುಟಿನಾ ಅವರನ್ನು 1.8 ಸೆಕೆಂಡಿನಿಂದ ಹಿಂದಿಕ್ಕಿ ಗೆದ್ದರು.

ಇಷ್ಟು ಸಾಮಗ್ರಿ ಮುಂದಿದ್ದರೆ ಎಂಬತ್ತು ಪದ ಕಷ್ಟವೇನಲ್ಲ. ಕೋಲು ಮುರಿದ ಕಥೆಯನ್ನು ಸುದ್ದಿಸಂಸ್ಥೆಯ ವರದಿಗಳಲ್ಲಿ ಮೂರು ಸಲ ತಾಳೆ ನೋಡಿದೆ. ಪದಕಗಳ ಒಟ್ಟು ಸಂಖ್ಯೆಯನ್ನು ಮಾತ್ರ ನಮ್ಮದೇ ಕಡತದಿಂದ ಎತ್ತಿಕೊಂಡೆ. ಬಿಳಿ ಹಾಳೆಗೆ ಅಂಟಿಸಿದ್ದ ಆ ಪತ್ರಿಕಾ ತುಣುಕಿನ ತಲೆಯ ಮೇಲೆ ‘25–2–2002’ ಎಂದು ನೀಲಿ ಮಸಿಯಲ್ಲಿ ಬರೆದಿತ್ತು. ಬೆಲ್ಮೊಂಡೊ 30 ಕಿ.ಮೀ.ಯಲ್ಲಿ ಮೂರನೆಯವರಾದರೆಂದೂ ಅದು ಅವರ ಒಂಬತ್ತನೆಯ ಒಲಿಂಪಿಕ್ ಪದಕವೆಂದೂ ಅದರಲ್ಲಿತ್ತು. ಅದೇ ಅಂಕಿ ಅಚ್ಚಾಯಿತು. ಮರುದಿನ ನಾನು ಪಾಳಿಗೆ ಬಂದಾಗ ನನ್ನ ಮೇಜಿನ ಮೇಲೆ ಆ ಪುಟ ಬಿದ್ದಿತ್ತು, ‘ಒಂಬತ್ತು’ ಎಂಬುದರ ಸುತ್ತ ಕೆಂಪು ವೃತ್ತ.

ಅಧಿಕೃತ ದಾಖಲೆ ತೆಗೆದು ನೋಡಿದರೆ ಎರಡು ಚಿನ್ನ, ಮೂರು ಬೆಳ್ಳಿ, ಐದು ಕಂಚು, ಒಟ್ಟು ಹತ್ತು. ನಮ್ಮ ತುಣುಕಿನ ಲೆಕ್ಕ ಎರಡು, ಎರಡು, ಐದು. ಒಂದು ಬೆಳ್ಳಿ ಬಿಟ್ಟುಹೋಗಿದೆ, ಸೇರಿಸಿದರೆ ಆಯಿತೆಂದು ತಿದ್ದುಪಡಿಯ ಎರಡು ಸಾಲು ಬರೆದು ನಮ್ಮ ಹಿರಿಯ ಉಪಸಂಪಾದಕರ ಮುಂದಿಟ್ಟೆ. ಅವರು ಓದಿ, “ಈ ಬೆಳ್ಳಿ ಯಾವ ಓಟದ್ದಯ್ಯಾ?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಒಂದೊಂದೇ ಒಲಿಂಪಿಕ್ಸನ್ನು ಗೆರೆ ಎಳೆದು ಬರೆದುಕೊಂಡಾಗ ವಿಷಯ ತಿಳಿಯಿತು. ಆ 30 ಕಿ.ಮೀ.ಯಲ್ಲಿ ಮೊದಲು ಗುರಿ ಮುಟ್ಟಿದ್ದ ಲಜುಟಿನಾ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅನರ್ಹರಾದರು. ರಕ್ತದ ಕೆಂಪುಕಣಗಳನ್ನು ಹೆಚ್ಚಿಸುವ ಡಾರ್ಬೆಪೊಯೆಟಿನ್ ಎಂಬ ಮದ್ದದು. ಚಿನ್ನ ಇಟಲಿಯ ಗೇಬ್ರಿಯೆಲ್ಲಾ ಪರೂಜಿ ಅವರಿಗೂ ಬೆಳ್ಳಿ ಬೆಲ್ಮೊಂಡೊ ಅವರಿಗೂ ಹೋಯಿತು. ಅಂದರೆ ನಮ್ಮ ತುಣುಕಿನ ಒಂದು ಕಂಚು ಬೆಳ್ಳಿಯಾಗಿತ್ತು. ಹಾಗಿದ್ದರೆ ಕಂಚು ನಾಲ್ಕಕ್ಕೆ ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ, ಏಕೆಂದರೆ ಫೆಬ್ರುವರಿ 12ರ 10 ಕಿ.ಮೀ. ಓಟದಲ್ಲಿ ಎರಡನೆಯವರಾಗಿದ್ದ ರಷ್ಯಾದ ಓಲ್ಗಾ ಡನಿಲೋವಾ ಅವರ ಪದಕವನ್ನೂ ಉದ್ದೀಪನ ಮದ್ದಿನ ಕಾರಣಕ್ಕೆ ಸುಮಾರು ಎರಡು ವರ್ಷಗಳ ನಂತರ ಕಸಿದುಕೊಂಡರು. ಆ ದಿನ ನಾಲ್ಕನೆಯವರಾಗಿ ಬರಿಗೈಯಲ್ಲಿ ಹೋಗಿದ್ದ ಬೆಲ್ಮೊಂಡೊ ಅವರಿಗೆ, ನಿವೃತ್ತರಾದ ಮೇಲೆ, ಅದರ ಕಂಚು ಸೇರಿತು. ಕಂಚಿನ ಸಂಖ್ಯೆ ಎರಡೂ ಲೆಕ್ಕಗಳಲ್ಲಿ ಐದೇ ಆದರೂ ಆ ಐದರಲ್ಲಿ ಒಂದು ಬೇರೆ. ನಾನು ಬರೆದಿದ್ದ ತಿದ್ದುಪಡಿಯ ಮೊತ್ತ ಸರಿಯಾಗಿತ್ತು, ಆದರೆ ಆ ಮೊತ್ತಕ್ಕೆ ನಾನು ಬಂದ ದಾರಿ ಪೂರ್ತಿ ತಪ್ಪಾಗಿತ್ತು.

2002ರಲ್ಲಿ ಆ ತುಣುಕನ್ನು ಬರೆದವರು ಏನೂ ತಪ್ಪು ಮಾಡಿರಲಿಲ್ಲವೆಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ಅಂದು ರಾತ್ರಿ ತಿಳಿದಿದ್ದನ್ನು ಅವರು ಸರಿಯಾಗಿಯೇ ಬರೆದಿದ್ದರು. ನಾಲ್ಕು ವರ್ಷ ತಡವಾಗಿ ಅದನ್ನು ಇಂದಿನ ಸತ್ಯವೆಂದು ನಕಲು ಮಾಡಿದವನು ನಾನು. ಅಂದಿನಿಂದ ದೀರ್ಘ ಕಾಲ ಆಡಿದವರ ಬಗ್ಗೆ ಬರೆಯುವಾಗ ಒಟ್ಟು ಸಂಖ್ಯೆಯನ್ನು ನಾನು ಎಲ್ಲಿಂದಲೂ ಎತ್ತಿಕೊಳ್ಳುವುದಿಲ್ಲ. ವರ್ಷ, ಸ್ಪರ್ಧೆ, ಸ್ಥಾನ ಎಂದು ಸಾಲುಸಾಲಾಗಿ ಬರೆದು, ಪ್ರತಿ ಸಾಲನ್ನೂ ಈಗಿನ ಅಧಿಕೃತ ಫಲಿತಾಂಶದೊಂದಿಗೆ ಹೋಲಿಸಿ, ಕೊನೆಗೆ ಕೂಡುತ್ತೇನೆ. ಇದಕ್ಕೆ ಇಪ್ಪತ್ತು ನಿಮಿಷ ಬೇಕು. ಪುಟ ಬಿಡುವ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕೇಳಿದರೆ ಪುಟವಿನ್ಯಾಸದವರು ಹೇಗೆ ನೋಡುತ್ತಾರೆಂಬುದು ಡೆಸ್ಕಿನಲ್ಲಿ ಕುಳಿತವರಿಗೆ ಗೊತ್ತು. ಸಮಯ ಸಿಗದಿದ್ದ ದಿನ ಒಟ್ಟು ಸಂಖ್ಯೆಯನ್ನೇ ಕೈಬಿಟ್ಟು, ನೋಡಿ ಖಚಿತಪಡಿಸಿಕೊಂಡ ಒಂದೆರಡು ಗೆಲುವುಗಳನ್ನಷ್ಟೇ ಹೇಳುತ್ತೇನೆ.

ಆ ತುಣುಕನ್ನು ಹಿರಿಯರು ಕಡತದಿಂದ ತೆಗೆಯಲು ಬಿಡಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘30 ಕಿ.ಮೀ.: ಈಗ 2, 10 ಕಿ.ಮೀ.: ಈಗ 3’ ಎಂದು ನನ್ನಿಂದಲೇ ಬರೆಸಿ, ಅದರ ಕೆಳಗೆ ಅಂದಿನ ದಿನಾಂಕ ಹಾಕಿಸಿ, ಮತ್ತೆ ಅದೇ ಜಾಗದಲ್ಲಿ ಇಡಿಸಿದರು.