ಬಿಜ್ಲಿಯ ತುರಿಕೆ ಮತ್ತು ಅವ್ವನ ರೊಟ್ಟಿ

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮೀನು ಮುಟ್ಟಿದವರಲ್ಲ. ಅಂಥದ್ದರಲ್ಲಿ ಹೋದ ಚಳಿಗಾಲ ಪೂರ್ತಿ ನಾನು ವಾರಕ್ಕೆ ಎರಡು ಸಲ ಬಾಗಲಕೋಟೆಯಲ್ಲಿ ಮೀನು ಮಾರುವ ಅಕ್ಕನ ಮುಂದೆ ಚೀಲ ಹಿಡಿದು ನಿಂತಿದ್ದೇನೆ. ಒಂದು ದಿನ ನಮ್ಮ ಆಫೀಸಿನವರೊಬ್ಬರು ಅಲ್ಲೇ ಎದುರಾದರು. ಚೀಲದಿಂದ ಹೊರಗೆ ಚಾಚಿದ್ದ ಕಾಟ್ಲಾ ಬಾಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಏನ್ ಸರ, ನೀವೂ ಸುರು ಮಾಡಿದ್ರಿ?" ಅಂದರು. "ಇಲ್ರೀ, ನಾಯಿಗೆ" ಅಂದೆ. ಅವರು ನಂಬಲಿಲ್ಲ. ಈಗಲೂ ನಂಬಿಲ್ಲ.

ಆದರೆ ಅದು ನಿಜವಾಗಿಯೂ ನಾಯಿಗೇ. ಹೆಸರು ಬಿಜ್ಲಿ. ಮುಧೋಳ ತಳಿ. ಮುಧೋಳದ ಕಡೆ ಹಳ್ಳಿಯಲ್ಲಿರುವ ನಮ್ಮ ಕಾಕಾ ಎರಡು ತಿಂಗಳ ಮರಿ ಇದ್ದಾಗ ಕೊಟ್ಟಿದ್ದು. ಈ ತಳಿ ಮನೆಯಲ್ಲಿ ಇದ್ದವರಿಗೆ ಗೊತ್ತು, ಎಷ್ಟೇ ತಿನ್ನಿಸಿದರೂ ಪಕ್ಕೆಲುಬು ಕಾಣುತ್ತಲೇ ಇರುತ್ತವೆ, ದಾರಿಯಲ್ಲಿ ಹೋಗುವವರೆಲ್ಲ "ಊಟ ಹಾಕೂದಿಲ್ಲೇನ್ರೀ ಇದಕ್ಕ?" ಅಂತ ಕೇಳುತ್ತಲೇ ಇರುತ್ತಾರೆ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಕಣ್ರೀ ಇದು, ಇರೋದೇ ಹೀಗೆ ಅಂತ ಹೇಳಿ ಹೇಳಿ ಸಾಕಾಗಿದೆ.

ತುರಿಕೆ ಶುರುವಾಗಿದ್ದು ಒಂದೂವರೆ ವರ್ಷದವಳಿದ್ದಾಗ. ಮೊದಲು ಮುಂಗಾಲಿನ ಪಾದ ನೆಕ್ಕುವುದು. ನೆಕ್ಕಿ ನೆಕ್ಕಿ ಬೆರಳಿನ ಸಂದಿಯ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ಆಮೇಲೆ ಹೊಟ್ಟೆ, ಕಂಕುಳು, ಕೊನೆಗೆ ಕಿವಿ. ಕಿವಿ ಒಳಗೆ ಕೆಂಪಾಗಿ, ಹಳೇ ಒದ್ದೆ ಗೋಣಿಚೀಲದ ವಾಸನೆ. ರಾತ್ರಿ ಎರಡು ಗಂಟೆಗೆ ನೆಲದ ಮೇಲೆ ಟಪಟಪ ಟಪಟಪ ಅಂತ ಕಾಲು ಬಡಿಯುವ ಸದ್ದು. ನಮಗೂ ನಿದ್ದೆ ಇಲ್ಲ, ಅದಕ್ಕೂ ಇಲ್ಲ. ಬೇವಿನ ಎಣ್ಣೆ ಹಚ್ಚಿದೆವು, ಅರಿಶಿನ ಹಚ್ಚಿದೆವು. ಕೊಬ್ಬರಿ ಎಣ್ಣೆ ಹಚ್ಚಿದರೆ ಖುಷಿಯಿಂದ ಪೂರ್ತಿ ನೆಕ್ಕಿಬಿಟ್ಟಳು. ದನದ ದವಾಖಾನೆಯಲ್ಲಿ ಒಂದು ಸೂಜಿ ಹಾಕಿಸಿದೆವು, ಹದಿನೈದು ದಿನ ಆರಾಮ, ಮತ್ತೆ ಅದೇ. ಹೀಗೆ ಮೂರು ಸಲ ಆಯಿತು. ನಾಲ್ಕನೇ ಸೂಜಿಗೆ ನನಗೆ ಧೈರ್ಯ ಬರಲಿಲ್ಲ.

ಆಗ ನಾನು ಎಲ್ಲರೂ ಮಾಡುವ ಕೆಲಸ ಮಾಡಿದೆ. ಫೋನ್ ಹಿಡಿದು ರಾತ್ರಿಯೆಲ್ಲ ಓದಿದೆ. ಎಲ್ಲಿ ನೋಡಿದರೂ ಒಂದೇ ಮಾತು, ಧಾನ್ಯ ಬಿಡಿಸಿ, ಗ್ರೇನ್ ಫ್ರೀ ಹಾಕಿ, ನಾಯಿ ಅಂದರೆ ತೋಳದ ವಂಶ, ತೋಳ ಯಾವತ್ತಾದರೂ ರೊಟ್ಟಿ ತಿಂದಿತ್ತಾ? ನನಗೂ ಹೌದಲ್ಲ ಅನಿಸಿತು. ನಮ್ಮ ಬಿಜ್ಲಿಯ ಊಟ ಅಂದರೆ ಬೆಳಿಗ್ಗೆ ಜೋಳದ ರೊಟ್ಟಿ ಮುರಿದು ಎಮ್ಮೆ ಹಾಲು ಸುರಿದದ್ದು, ಸಂಜೆ ಅಂಗಡಿಯ ಪ್ಯಾಕೆಟ್ಟಿನ ನಾಯಿ ಆಹಾರ ಒಂದು ಬಟ್ಟಲು. ಎರಡರಲ್ಲೂ ಧಾನ್ಯ. ಕಳ್ಳ ಸಿಕ್ಕಿಬಿಟ್ಟ ಅಂದುಕೊಂಡೆ.

ಅವ್ವನಿಗೆ ಹೇಳಿದೆ, ನಾಳೆಯಿಂದ ಬಿಜ್ಲಿಗೆ ರೊಟ್ಟಿ ಬೇಡ ಅಂತ. ಅವ್ವ ತಟ್ಟುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು. "ರೊಟ್ಟಿ ತಿಂದು ಯಾವ ನಾಯಿ ಸತ್ತಾವೋ ನಮ್ಮೂರಾಗ? ನಿಮ್ಮ ಅಜ್ಜ ಸಾಕಿದ್ದ ನಾಯಿ ಹದಿಮೂರು ವರ್ಷ ಬದುಕಿತ್ತು, ಬರೇ ರೊಟ್ಟಿ ಮ್ಯಾಲ." ನಾನು ತೋಳದ ಕಥೆ ಹೇಳಿದೆ. ಅವ್ವ ಕೇಳಿಸಿಕೊಳ್ಳಲೂ ಇಲ್ಲ.

ಗ್ರೇನ್ ಫ್ರೀ ಅಂತ ದೊಡ್ಡದಾಗಿ ಬರೆದ ಒಂದು ಚೀಲ ತರಿಸಲು ಹೊರಟಿದ್ದೆ. ಬೆಲೆ ನೋಡಿ ಕೈ ತಡೆಯಿತು ಅನ್ನುವುದು ಒಂದು ಮಾತು. ಇನ್ನೊಂದು, ಹಿಂಬದಿಯ ಸಣ್ಣ ಅಕ್ಷರ ಓದಿದರೆ ಮೊದಲ ಪದಾರ್ಥವೇ ಕೋಳಿ, ಆಮೇಲೆ ಬಟಾಣಿ, ಕಡಲೆ, ಆಲೂಗಡ್ಡೆ. ಕೋಳಿ ಅಂತೂ ಹಳೇ ಪ್ಯಾಕೆಟ್ಟಿನಲ್ಲೂ ಇತ್ತು. ಹಾಗಾದರೆ ಬದಲಾಗಿದ್ದು ಏನು? ಇಲ್ಲಿ ನನಗೆ ಸ್ವಲ್ಪ ಅನುಮಾನ ಬಂತು.

ಯಾರೋ ಹೇಳಿದರು ಅಂತ ಬೆಳಗಾವಿಯ ಒಬ್ಬ ಡಾಕ್ಟರ್ ಮೇಡಂ ಹತ್ತಿರ ಹೋದೆವು. ಮೂರು ತಾಸಿನ ದಾರಿ, ಬಿಜ್ಲಿ ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಕೆರೆದುಕೊಳ್ಳುತ್ತ. ಅವರು ಮೊದಲು ಊಟದ ಸುದ್ದಿಯನ್ನೇ ಎತ್ತಲಿಲ್ಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಕಜ್ಜಿ ಹುಳ ಇದೆಯಾ ನೋಡಿದರು, ಕಿವಿಯ ಕೊಳೆ ತೆಗೆದು ನೋಡಿದರು. ಆ ವಾಸನೆ ಕಿವಿಯೊಳಗೆ ಬೆಳೆದ ಯೀಸ್ಟ್ ಅನ್ನುವ ಶಿಲೀಂಧ್ರದ್ದು ಅಂದರು. ಚಿಗಟ, ಉಣ್ಣಿಗೆ ಔಷಧಿ ಕೊಟ್ಟು, ಒಂದು ತಿಂಗಳು ಬಿಟ್ಟು ಬನ್ನಿ ಅಂದರು. ಚಿಗಟದ ಎಂಜಲಿಗೇ ಅಲರ್ಜಿ ಆಗುವ ನಾಯಿಗಳು ಎಷ್ಟೋ ಇವೆಯಂತೆ, ಅಂಥದಕ್ಕೆ ಊಟ ಬದಲಿಸಿ ಏನು ಪ್ರಯೋಜನ? ಒಂದು ತಿಂಗಳಾಯಿತು. ಕಿವಿ ಸ್ವಲ್ಪ ಸುಧಾರಿಸಿತು, ತುರಿಕೆ ಹಾಗೇ ಇತ್ತು.

ಆಮೇಲೆ ನಾನು ರೊಟ್ಟಿಯ ಮಾತು ತೆಗೆದೆ. ಅವರು ನಕ್ಕರು. "ರೊಟ್ಟಿ ಇರಬಹುದು, ಹಾಲೂ ಇರಬಹುದು, ಕೋಳಿನೂ ಇರಬಹುದು. ರಕ್ತ ತಪಾಸಣೆ ಮಾಡಿಸಿದ್ರ ನಂಬೂವಂಥ ಉತ್ತರ ಸಿಗೂದಿಲ್ಲ. ಎಲ್ಲಾ ಬಿಡಿಸಿ, ಒಂದೊಂದ ವಾಪಸ್ ಕೊಟ್ಟು ನೋಡಬೇಕು, ಅಷ್ಟ." ಆಮೇಲೆ ಒಂದು ಲೆಕ್ಕ ಹೇಳಿದರು. ಆಹಾರದ ಅಲರ್ಜಿ ಇದ್ದ 297 ನಾಯಿಗಳ ದಾಖಲೆಗಳನ್ನು ಒಟ್ಟು ಮಾಡಿ 2016ರಲ್ಲಿ ಒಂದು ವರದಿ ಬಂದಿತ್ತು. ಅದರಲ್ಲಿ ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13, ಅಕ್ಕಿ ಶೇ 2. ಅಂದರೆ ಧಾನ್ಯ ಪೂರ್ತಿ ಸಾಚಾ ಅಲ್ಲ, ಆದರೆ ಪಟ್ಟಿಯ ಮೇಲ್ಗಡೆ ಕೂತಿರುವುದು ಪ್ರಾಣಿಯಿಂದ ಬಂದ ಪ್ರೋಟೀನು. ತೋಳದ ಕಥೆಗೂ ಉತ್ತರ ಸಿಕ್ಕಿತು. ಮನುಷ್ಯರ ಜೊತೆ ಇದ್ದು ಇದ್ದು ನಾಯಿಗೆ ಹಿಟ್ಟಿನ ಪದಾರ್ಥ ಅರಗಿಸುವ ಜೀನ್ ತೋಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ, 2013ರಲ್ಲೇ ಸ್ವೀಡನ್ನಿನ ವಿಜ್ಞಾನಿಗಳು ಅದನ್ನು ತೋರಿಸಿದ್ದಾರೆ. ಇದನ್ನು ನಾನು ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಆವತ್ತೇ ಆಟ ಮುಗಿಯುತ್ತಿತ್ತು.

ಹಾಗೆ ಶುರುವಾಗಿದ್ದು ನಮ್ಮ ಧಾನ್ಯವಿಲ್ಲದ ಊಟ. ಧಾನ್ಯ ಮಾತ್ರ ಅಲ್ಲ, ಬಿಜ್ಲಿ ಅಲ್ಲಿವರೆಗೆ ತಿಂದಿದ್ದು ಏನೂ ಇರಬಾರದು. ಅದಕ್ಕೇ ಮೀನು, ಅವಳು ಹುಟ್ಟಿದಾಗಿನಿಂದ ಮೀನು ಕಂಡವಳಲ್ಲ. ಕುರಿ ಮಾಂಸ ಯಾಕೆ ಬೇಡ ಅಂದರೆ, ಹಾಲಿಗೆ ಅಲರ್ಜಿ ಇದ್ದರೆ ಮೆಲುಕು ಹಾಕುವ ಬೇರೆ ಪ್ರಾಣಿಗಳ ಮಾಂಸವೂ ಕೆಲವು ನಾಯಿಗಳಿಗೆ ಆಗಿಬರುವುದಿಲ್ಲವಂತೆ. ರೊಟ್ಟಿ ಬದಲು ಗೆಣಸು. 20 ಕೆಜಿ ತೂಗುವ ಬಿಜ್ಲಿಗೆ ದಿನಕ್ಕೆ ಮುಳ್ಳು ತೆಗೆದ ಮೀನು ಅರ್ಧ ಕೆಜಿ, ಗೆಣಸು ಅರ್ಧ ಕೆಜಿ, ಒಂದು ಹಿಡಿ ಕುಂಬಳಕಾಯಿ, ಎರಡು ದೊಡ್ಡ ಚಮಚ ಕುಸುಬಿ ಎಣ್ಣೆ. ಕುಸುಬಿ ಎಣ್ಣೆ ಕೇಳಿ ಮೇಡಂ ಖುಷಿಪಟ್ಟರು, ಚರ್ಮಕ್ಕೆ ಬೇಕಾದ ಲಿನೋಲಿಕ್ ಆಮ್ಲ ಅದರಲ್ಲಿ ಜಾಸ್ತಿ. ನಮ್ಮ ಊರ ಎಣ್ಣೆ ಒಂದಾದರೂ ಪಾಸಾಯಿತಲ್ಲ.

ಒಂದು ಮಾತು ಇಲ್ಲಿ ಜೋರಾಗಿ ಹೇಳಬೇಕು, ಯಾಕಂದರೆ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಬರೀ ಮಾಂಸ ಮತ್ತು ಗೆಣಸು ಪೂರ್ತಿ ಊಟ ಅಲ್ಲ. ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಬಹಳ ಕಮ್ಮಿ. ಹೀಗೇ ತಿಂಗಳುಗಟ್ಟಲೆ ಹಾಕಿದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಬೆಳೆಯುವ ಮರಿಗಳಿಗಂತೂ ಕಾಲೇ ಸೊಟ್ಟಗಾಗಬಹುದು. ಬಿಜ್ಲಿಗೆ ದಿನಕ್ಕೆ ಮೂರೂವರೆ ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಜೊತೆಗೆ ಸತು, ಅಯೋಡಿನ್, ವಿಟಮಿನ್ ಇ ಇರುವ ಒಂದು ಪುಡಿ ಬರೆದುಕೊಟ್ಟರು. ಇದು ಅವಳ ತೂಕದ ಲೆಕ್ಕ, ನಿಮ್ಮ ನಾಯಿಯದು ಬೇರೆ ಇರುತ್ತದೆ, ಕೇಳಿಯೇ ಹಾಕಿ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಲಾ ಅಂದೆ, ಪರೀಕ್ಷೆ ಮುಗಿಯುವವರೆಗೆ ಬೇಡ ಅಂದರು. ಸಿಪ್ಪೆ ಒಳಗಿನ ಪೊರೆಯಲ್ಲೂ ಪ್ರೋಟೀನ್ ಇದೆಯಲ್ಲ.

ಬೇಯಿಸುವುದು ಎಲ್ಲಿ? ಅಡುಗೆಮನೆಗೆ ಮೀನು ಬಂದರೆ ನಾನು ಊರಿಗೆ ಹೋಗುತ್ತೇನೆ ಅಂತ ಅವ್ವ ಮೊದಲೇ ಹೇಳಿದ್ದಳು. ಹಾಗಾಗಿ ಮಾಳಿಗೆ ಮೇಲೆ ಒಂದು ಸಣ್ಣ ಗ್ಯಾಸ್ ಒಲೆ, ಹಳೇ ಕುಕ್ಕರ್, ಒಂದು ಬೋಗುಣಿ. ಮುಳ್ಳು ಬಿಡಿಸುವುದನ್ನು ಮೀನು ಮಾರುವ ಅಕ್ಕನೇ ಕಲಿಸಿದಳು. ಬೆಂದ ಮೇಲೆ ಬೆನ್ನಿನಿಂದ ಹಿಡಿದು ಒತ್ತಬೇಕು, ಮಾಂಸ ಹಾಗೇ ಬಿಟ್ಟುಕೊಳ್ಳುತ್ತದೆ. ಅವಳು ತರುವುದು ಆಲಮಟ್ಟಿ ಹಿನ್ನೀರಿನ ಮೀನು. ನಮ್ಮ ಹಳೇ ಊರಿನ ಎಷ್ಟೋ ಓಣಿಗಳು ಮುಳುಗಿದ್ದು ಅದೇ ನೀರಿನಲ್ಲಿ ಅಂತ ಮುಳ್ಳು ಆರಿಸುವಾಗ ಸುಮ್ನೆ ನೆನಪಾಗುತ್ತಿತ್ತು. ವಾರಕ್ಕೆ ಐದಾರು ಕೆಜಿ ಮೀನು ಬೇಕು. ಖರ್ಚು ಕೇಳಬೇಡಿ. ಹಸಿ ಮೀನು ಮಾತ್ರ ಹಾಕಬೇಡಿ, ಕೆಲವು ಹಸಿ ಮೀನುಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಹೋಗುತ್ತದೆ. ಉಪ್ಪು ಖಾರ ಬೇಡ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಅಂತೂ ಬೇಡವೇ ಬೇಡ, ಅವು ನಾಯಿಗೆ ವಿಷ.

ದೀಪಾವಳಿ ಆಗಿ ಮೂರು ವಾರಕ್ಕೆ ಶುರು ಮಾಡಿದೆವು. ಎಂಟು ವಾರ, ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು. ಜಂತುಹುಳದ ಮಾತ್ರೆ ಕೂಡ ಮಾಂಸದ ರುಚಿ ಹಾಕಿದ್ದು ಬೇಡ ಅಂದಿದ್ದರು. ಇದೆಲ್ಲ ಕೇಳುವುದಕ್ಕೆ ಸುಲಭ, ನವನಗರದ ನಮ್ಮ ಓಣಿಯಲ್ಲಿ ಮಾಡುವುದು ಅಷ್ಟು ಸುಲಭ ಅಲ್ಲ. ಪಕ್ಕದ ಮನೆ ಹುಡುಗ ಗ್ಲೂಕೋಸ್ ಬಿಸ್ಕತ್ತು ಕೊಡುತ್ತಿದ್ದ, ಅದರಲ್ಲಿ ಗೋಧಿಯೂ ಇದೆ, ಹಾಲೂ ಇದೆ. ಅವನಿಗೆ ಬೇಯಿಸಿದ ಗೆಣಸಿನ ತುಂಡಿನ ಡಬ್ಬಿ ಕೊಟ್ಟು, ಇದನ್ನೇ ಕೊಡಪ್ಪಾ ಅಂದೆ. ಅರ್ಧ ಅವನೇ ತಿಂದ. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ, ಮೇಲೆ ಗೆಣಸು ಅಳತೆಗಿಂತ ಕಮ್ಮಿ ಹಾಕಿ ಒಂದು ಕೆಜಿ ತೂಕ ಇಳಿಸಿಬಿಟ್ಟೆ. ನಾಲ್ಕನೇ ವಾರ ಒಂದು ರಾತ್ರಿ ಎಚ್ಚರವಾಯಿತು. ಮನೆ ಶಾಂತವಾಗಿತ್ತು. ಟಪಟಪ ಇಲ್ಲ. ಎದ್ದು ಹೋಗಿ ನೋಡಿದೆ, ಬಿಜ್ಲಿ ನಾಲ್ಕೂ ಕಾಲು ಚಾಚಿ ಮಲಗಿದ್ದಳು.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ಊಟ ಶುರು ಮಾಡಿ ಮೂವತ್ತೆಂಟನೇ ದಿನ. ಎಲ್ಲರೂ ಹೊಲಕ್ಕೆ ಹೋದೆವು, ಬಿಜ್ಲಿಯನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ, ಬೇವಿನ ಮರಕ್ಕೆ ಕಟ್ಟಿದ್ದೆ. ಚರಗ ಚೆಲ್ಲುವ ಹೊತ್ತಿಗೆ ಯಾವ ಪುಣ್ಯಾತ್ಮ ಬಿಚ್ಚಿದನೋ ಗೊತ್ತಿಲ್ಲ. ಮುಧೋಳ ನಾಯಿ ಓಡಿದರೆ ಹಿಡಿಯುವುದು ಯಾರು? ಭೂಮಿತಾಯಿಗೆ ಅಂತ ಚೆಲ್ಲಿದ ಸಜ್ಜಿ ರೊಟ್ಟಿ, ಕಡುಬು, ಮೊಸರನ್ನ, ಎಲ್ಲವನ್ನೂ ಸಾಲು ಹಿಡಿದು ಮುಗಿಸಿದಳು. ಎರಡೇ ದಿನಕ್ಕೆ ಕಿವಿ ಮತ್ತೆ ಕೆಂಪು. ನನಗೆ ಅಳುವೇ ಬಂತು. ಮೇಡಂಗೆ ಫೋನ್ ಮಾಡಿದರೆ ಅವರು ಶಾಂತವಾಗಿ, "ಛಲೋ ಆತು ಬಿಡ್ರಿ, ಊಟದ್ದ ಅಲರ್ಜಿ ಅಂತ ಗೊತ್ತಾತಲ್ಲ" ಅಂದರು. ಎಂಟು ವಾರದ್ದು ಹತ್ತು ವಾರ ಆಯಿತು.

ತುರಿಕೆ ಪೂರ್ತಿ ನಿಂತ ಮೇಲೆ ನನಗೆ ಅಲ್ಲೇ ಬಿಡುವ ಆಸೆ. ಆರಾಮಾಗಿದ್ದಾಳಲ್ಲ, ಯಾಕೆ ಕೆದಕಬೇಕು? ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ "ಧಾನ್ಯ ಬಿಡಿಸಿದೆ, ವಾಸಿಯಾಯಿತು" ಅಂತ ಊರಿಗೆಲ್ಲ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ಮೀನಿನ ಖರ್ಚು ಹಾಗೆ ಬಿಡಲಿಲ್ಲ. ಜೊತೆಗೆ, 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಕಾಳು ಜಾಸ್ತಿ ಇರುವ ಗ್ರೇನ್ ಫ್ರೀ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟು ಇದೆಯಾ ಅಂತ ತನಿಖೆ ಶುರು ಮಾಡಿತ್ತು. ಕಾರಣ ಅದೇ ಅಂತ ಸಾಬೀತಾಗಲಿಲ್ಲ, ಆದರೂ ಕಾರಣ ಇಲ್ಲದೆ ಜೀವನಪೂರ್ತಿ ಧಾನ್ಯ ಬಿಡಿಸುವುದು ಬೇಡ ಅಂತ ಮೇಡಂ ಅಂದರು.

ಮೊದಲು ಜೋಳದ ರೊಟ್ಟಿ. ಬರೀ ರೊಟ್ಟಿ, ಮೀನಿನ ಜೊತೆ, ಎರಡು ವಾರ. ನಾನು ದಿನಾ ಬೆಳಿಗ್ಗೆ ಟಾರ್ಚ್ ಹಾಕಿ ಕಿವಿ, ಪಾದ ನೋಡುತ್ತಿದ್ದೆ. ಏನೂ ಇಲ್ಲ. ಚಪಾತಿ ಎರಡು ವಾರ, ಏನೂ ಇಲ್ಲ. ಅನ್ನ, ಅದೂ ಏನೂ ಇಲ್ಲ. ಆಮೇಲೆ ಎಮ್ಮೆ ಹಾಲು, ಅರ್ಧ ಬಟ್ಟಲು. ಮೂರನೇ ದಿನ ರಾತ್ರಿ, ಟಪಟಪ ಟಪಟಪ.

ಇಷ್ಟು ದಿನ ನಾನು ಬೈದಿದ್ದು ರೊಟ್ಟಿಗೆ, ತಪ್ಪು ಅದರ ಮೇಲೆ ಸುರಿದ ಹಾಲಿನದು. ಹಸುವಿನ ಹಾಲು ಆಗಬಹುದಾ, ಮೊಸರು ಆಗಬಹುದಾ ಅಂತ ಕೇಳಿದೆ. ಹಾಲು ಕುಡಿದು ಬರೀ ಭೇದಿ ಆಗುವ ನಾಯಿಗೆ ತೊಂದರೆ ಹಾಲಿನ ಸಕ್ಕರೆಯದು, ಮೊಸರಾದರೆ ಅದು ಸ್ವಲ್ಪ ಕಮ್ಮಿಯಾಗುತ್ತದೆ. ಬಿಜ್ಲಿಯದು ಹಾಲಿನ ಪ್ರೋಟೀನಿನ ತೊಂದರೆ. ಅದು ಮೊಸರಲ್ಲೂ ಇದೆ, ಮಜ್ಜಿಗೆಯಲ್ಲೂ ಇದೆ, ಹಸುವಿನ ಹಾಲಿನಲ್ಲೂ ಹೆಚ್ಚುಕಮ್ಮಿ ಅದೇ. ಹಾಲು ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಆರಾಮಾದಳು. ಆಮೇಲೆ ಕೋಳಿ ಕೊಟ್ಟು ನೋಡಿದೆವು, ಅದೂ ಪಾಸು.

ಅವ್ವನಿಗೆ ಹೇಳಲೇಬೇಕಾಯಿತು. "ನಾ ಹೇಳಿರಲಿಲ್ಲೇನ, ರೊಟ್ಟಿ ಏನೂ ಮಾಡೂದಿಲ್ಲಂತ?" ಅಂದಳು. ಆ ಹಾಲು ಸುರಿಯುತ್ತಿದ್ದುದು ಯಾರು ಅನ್ನುವ ಪ್ರಶ್ನೆ ನಾನು ಕೇಳಲಿಲ್ಲ. ಈಗ ಬೆಳಿಗ್ಗೆ ಮೊದಲ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಬಿಜ್ಲಿಗೆ. ಅದಕ್ಕೆ ಬೇಯಿಸಿದ ಕೋಳಿ, ಕುಂಬಳಕಾಯಿ, ಕುಸುಬಿ ಎಣ್ಣೆ, ಬದಲಾದ ಅಳತೆಯಲ್ಲಿ ಅದೇ ಪುಡಿಗಳು. ಮಾಳಿಗೆಯ ಒಲೆ ಇನ್ನೂ ಅಲ್ಲೇ ಇದೆ. ಮೊಟ್ಟೆ ಪರೀಕ್ಷೆ ಒಂದು ಬಾಕಿ ಇದೆ, ಸೋಮವಾರದಿಂದ ಶುರು ಮಾಡಬೇಕು.